ಕೆರೆಯ ಕಲ್ಲು ಮತ್ತು ನೀರುಗಂಟಿ

"ಅಯ್ಯನವರೇ, ಸಭೆ ದೊಡ್ಡದೋ, ಸತ್ಯವೇದ ದೊಡ್ಡದೋ?"

ಕೇಳಿದವನು ತಿಮೊಥೆಯ. ಮುದುಕರಾದ ಪಾಸ್ಟರ್ ಸಮುವೇಲಪ್ಪನವರ ಬಳಿ ಸತ್ಯವೇದ, ಅಂದರೆ ಬೈಬಲು, ಕಲಿಯುತ್ತಿದ್ದ. ಆ ಊರಿನಲ್ಲಿ ಕಥೋಲಿಕರ ಚರ್ಚು ಒಂದು, ಪ್ರಾಟೆಸ್ಟೆಂಟರ ಚರ್ಚು ಒಂದು. ಕ್ರಿಸ್ಮಸ್ಸಿಗೆ ಮುಂಚೆ ಎರಡೂ ಕಡೆಯವರು ಕೂಡಿ ಮನೆಮನೆಗೆ ಹೋಗಿ ಹಾಡುವುದು ಹಿಂದಿನಿಂದ ಬಂದ ಪದ್ಧತಿ. ಈ ಸಲ ಅದು ನಿಂತಿತ್ತು. ಸತ್ಯವೇದವನ್ನು ಕಾಪಾಡಿ ಕೊಟ್ಟದ್ದೇ ಕ್ರೈಸ್ತ ಸಭೆ, ಅದರ ಅರ್ಥ ಹೇಳುವ ಅಧಿಕಾರವೂ ಸಭೆಯದೇ ಎಂದು ಕಥೋಲಿಕರ ಕಡೆಯ ಯುವಕನೊಬ್ಬ ಹೇಳಿದ್ದ. ಅದರಲ್ಲಿ ಬರೆಯದೆ ಇರುವುದನ್ನು ಪೋಪರೇ ಹೇಳಿದರೂ ಒಪ್ಪಲಾರೆ ಎಂದು ತಿಮೊಥೆಯ ಹೇಳಿದ್ದ. ಮಾತಿಗೆ ಮಾತು ಬೆಳೆದಿತ್ತು. ಈಗ ಗುರುಗಳ ಬಾಯಿಂದ ತೀರ್ಪು ಪಡೆದುಕೊಂಡು ಹೋಗಿ ಆ ಯುವಕನ ಬಾಯಿ ಮುಚ್ಚಿಸಬೇಕೆಂದು ಬಂದಿದ್ದ.

ಗುರುಗಳು ನಕ್ಕರು. "ತೀರ್ಪಿಗೆ ಅವಸರವೇನು? ನಾನು ಹುಟ್ಟಿದ ಊರಿನ ಕೆರೆಯ ಕತೆ ಕೇಳು" ಎಂದು ಶುರುಮಾಡಿದರು.

ಹಿಂದೆ ಒಬ್ಬ ಪುಣ್ಯವಂತ ನಮ್ಮೂರಿಗೆ ಕೆರೆ ಕಟ್ಟಿಸಿದ. ತಾನು ಹೋದ ಮೇಲೆ ನೀರಿಗಾಗಿ ಜನ ಕಚ್ಚಾಡಬಾರದು ಎಂಬುದು ಅವನ ಆಸೆ. ಅದಕ್ಕೆ ತೂಬಿನ ಪಕ್ಕ ಒಂದು ಕಲ್ಲು ನೆಡಿಸಿ, ನೀರು ಹಂಚುವ ಕ್ರಮವನ್ನು ಅದರಲ್ಲಿ ಕೆತ್ತಿಸಿದ. ಕಲ್ಲು ಎದ್ದು ಬಂದು ತೂಬು ತೆರೆಯಲಾರದಲ್ಲ! ಆ ಕೆಲಸಕ್ಕೆ ಒಬ್ಬ ನೀರುಗಂಟಿಯನ್ನು ನೇಮಿಸಿದ. ಅವನ ತರುವಾಯ ಮಗ, ಮಗನ ತರುವಾಯ ಮೊಮ್ಮಗ ಆ ಕೆಲಸ ಮಾಡಿಕೊಂಡು ಬಂದರು. ಊರಿನಲ್ಲಿ ಓದು ಬಲ್ಲವರು ಇರಲಿಲ್ಲ. ನೀರುಗಂಟಿ ಹೇಳಿದ್ದೇ ಕಲ್ಲಿನ ಮಾತು ಎಂದು ಎಲ್ಲರೂ ನಂಬಿದ್ದರು.

ಬೇಸಿಗೆಯಲ್ಲಿ ಕೆರೆ ಒಣಗಿದಾಗ ನೀರುಗಂಟಿ ತಮಟೆ ಹೊಡೆಯುತ್ತಿದ್ದ. ಇಡೀ ಊರು ಬುಟ್ಟಿ ಹಿಡಿದು ಕೆರೆಗೆ ಇಳಿಯುತ್ತಿತ್ತು. ಕೆರೆಯ ನಡುವಿನಿಂದ ಏರಿಯ ಮೇಲಿನವರೆಗೆ ಜನ ಸಾಲಾಗಿ ನಿಲ್ಲುತ್ತಿದ್ದರು. ಹೂಳು ತುಂಬಿದ ಬುಟ್ಟಿ ಕೈಯಿಂದ ಕೈಗೆ ದಾಟಿ ಏರಿಯ ಆಚೆ ಬೀಳುತ್ತಿತ್ತು. ನಾನೂ ಆ ಸಾಲಿನಲ್ಲಿ ನಿಂತಿದ್ದೇನೆ. ಪಕ್ಕದಲ್ಲಿ ನಿಂತವರು ಯಾರು, ಯಾವ ಕೇರಿಯವರು ಎಂದು ನೋಡಲು ಪುರುಸೊತ್ತು ಇರುತ್ತಿರಲಿಲ್ಲ. ಮಧ್ಯಾಹ್ನ ಏರಿಯ ಮೇಲೆ ಕೂತು, ಕೆಸರು ಕೈಯನ್ನು ಹುಲ್ಲಿಗೆ ಒರೆಸಿಕೊಂಡು, ಮುದ್ದೆ ಉಣ್ಣುತ್ತಿದ್ದೆವು. ಅಂಥ ರುಚಿಯ ಊಟ ಆಮೇಲೆ ನನಗೆ ಎಲ್ಲಿಯೂ ಸಿಕ್ಕಿಲ್ಲ.

ಊರಿನ ಒಬ್ಬ ರೈತ ಓದು ಕಲಿತ. ಅವನೂ ನೀರುಗಂಟಿಯೂ ಚಿಕ್ಕಂದಿನಿಂದ ಗೆಳೆಯರು. ಒಂದು ಬೇಸಿಗೆ ಅವನು ಕಲ್ಲಿನ ಮುಂದೆ ಕೂತು ಪಾಚಿ ಕೆರೆದು ಒಂದೊಂದೇ ಅಕ್ಷರ ಬಿಡಿಸಿದ. ಕೊನೆಯ ಗದ್ದೆಗೆ ಮೊದಲ ನೀರು ಎಂದು ಅಲ್ಲಿ ಬರೆದಿತ್ತು. ನೀರುಗಂಟಿ ಮಾತ್ರ ಮೊದಲ ನೀರನ್ನು ಗೌಡನ ಗದ್ದೆಗೆ ಬಿಡುತ್ತಿದ್ದ. ಅವನ ಅಪ್ಪನೂ ಹಾಗೆಯೇ ಮಾಡಿದ್ದ. ರೈತ ನೆಟ್ಟಗೆ ಹೋಗಿ ಕೇಳಿದ.

"ಗೌಡನಿಗೆ ಮೊದಲು ಅಂತ ಕಲ್ಲಲ್ಲಿ ಎಲ್ಲೈತೆ? ತೋರಿಸೋ."

"ಕಲ್ಲು ಕಾಯ್ಕೊಂಡು ಬಂದೋರು ಯಾರೋ? ನಮ್ಮ ತಾತ ಮುತ್ತಾತ ಇಲ್ದಿದ್ರೆ ಯಾವನೋ ಅದನ್ನ ಬಟ್ಟೆ ಒಗೆಯೋಕೆ ಎತ್ಕೊಂಡು ಹೋಗಿರೋನು. ಇವತ್ತು ನಾಲ್ಕು ಅಕ್ಷರ ಕಲಿತು ನನಗೇ ಓದಿ ಹೇಳ್ತೀಯ?"

ರೈತ ಕೇಳಿದ್ದರಲ್ಲಿ ನ್ಯಾಯವಿತ್ತು. ನೀರುಗಂಟಿ ಹೇಳಿದ್ದೂ ಸುಳ್ಳಲ್ಲ. ಊರು ಎರಡಾಯಿತು. ಒಂದು ಕಡೆಯವರು ಕಲ್ಲಿಗೆ ದಿನವೂ ನೀರು ಹಾಕಿ ತೊಳೆದರು. ಇನ್ನೊಂದು ಕಡೆಯವರು ನೀರುಗಂಟಿಗೆ ಹೊಸ ರುಮಾಲು ಸುತ್ತಿದರು. ಕಲ್ಲಿನ ಕೆಳಗಿನ ಸಾಲು ಸವೆದುಹೋಗಿತ್ತು. ಅದು ತನಗೆ ಮಾತ್ರ ಗೊತ್ತು ಎಂದ ನೀರುಗಂಟಿ. ಕಲ್ಲಿನ ಕಡೆಯವರು ಆ ಸಾಲನ್ನು ತಲೆಗೊಂದರಂತೆ ಓದಿ ತಮ್ಮತಮ್ಮಲ್ಲೇ ಮುನಿಸಿಕೊಂಡರು. ಕೂಗಾಡಿ ಎಲ್ಲರ ದನಿಯೂ ಬಿದ್ದುಹೋಯಿತು, ಯಾರೂ ಸೋಲಲಿಲ್ಲ.

ಹೂಳೆತ್ತುವ ಕಾಲ ಬಂತು. ತಮಟೆ ಕೇಳಿ ನೀರುಗಂಟಿಯ ಕಡೆಯವರು ಇಳಿದರು. ಕಲ್ಲಿನ ಕಡೆಯವರು, ತಮಟೆಯ ಮಾತು ಕಲ್ಲಿನಲ್ಲಿ ಇಲ್ಲ ಎಂದು ಬೇರೆ ದಿನ ಇಳಿದರು. ಎರಡು ದಿನವೂ ಜನ ಮೈಮುರಿದು ದುಡಿದರು. ಆದರೆ ಅರ್ಧ ಊರು ಸಾಲಾಗಿ ನಿಂತರೆ ಬುಟ್ಟಿ ಏರಿಯವರೆಗೆ ಮುಟ್ಟುವುದಿಲ್ಲ. ಸಾಲು ಮುಗಿದ ಕಡೆ ಹೂಳು ಸುರಿದು ಮನೆಗೆ ಹೋದರು. ಮೊದಲ ಮಳೆಗೆ ಎರಡು ಗುಡ್ಡೆಯೂ ಕರಗಿ ಕೆರೆಗೆ ವಾಪಸು ಹೋದವು. ಮರುವರ್ಷವೂ ಹೀಗೆಯೇ ಆಯಿತು. ಇನ್ನೊಬ್ಬರ ಹೂಳೇ ಕೆರೆಯನ್ನು ತುಂಬಿಸಿದ್ದು ಎಂದು ಎರಡೂ ಕಡೆಯವರು ಬೈದುಕೊಂಡರು.

ಹೀಗೇ ಆದರೆ ಕೆರೆ ಹಾಳಾಗುತ್ತದೆ ಎಂದು ರೈತನಿಗೆ ಗೊತ್ತಾಯಿತು. ಒಂದು ಬೆಳಿಗ್ಗೆ ಬುಟ್ಟಿ ಹಿಡಿದು ಗೆಳೆಯನ ಅಂಗಳಕ್ಕೆ ಬಂದ.

"ತಮಟೆ ಹೊಡಿಯೋ. ನಮ್ಮೋರನ್ನ ನಾನು ಕರ್ಕೊಂಡು ಬರ್ತೀನಿ."

ನೀರುಗಂಟಿ ಎದ್ದು ನಿಂತ. ಗೋಡೆಗೆ ತೂಗುಹಾಕಿದ್ದ ತಮಟೆಯವರೆಗೂ ಕೈ ಹೋಯಿತು. ಆಮೇಲೆ, "ಮೊದಲು ಕಲ್ಲಿಗಿಂತ ನನ್ನ ಮಾತು ದೊಡ್ಡದು ಅನ್ನು" ಎಂದ.

"ನನ್ನ ಜೀವ ಹೋದ್ರೂ ಅನ್ನಲ್ಲ" ಎಂದು ರೈತ ಬುಟ್ಟಿ ಎತ್ತಿಕೊಂಡು ಹೊರಟ. ನೀರುಗಂಟಿ ಬಾಗಿಲಲ್ಲಿ ನಿಂತು ಅವನು ಹೋಗುವುದನ್ನೇ ನೋಡಿದ. ಕರೆದಿದ್ದರೆ ಅವನು ತಿರುಗುತ್ತಿದ್ದ. ಕರೆಯಲಿಲ್ಲ.

ಈಗ ಆ ಕೆರೆಯಲ್ಲಿ ಆಡು ಮೇಯುತ್ತವೆ. ಕೆರೆಯ ಅಂಗಳವೂ ಏರಿಯೂ ಒಂದೇ ಸಮನಾಗಿವೆ. ಹೋದ ವರ್ಷ ಹೋಗಿದ್ದಾಗ, ಮುದ್ದೆ ಉಣ್ಣುತ್ತಿದ್ದ ಜಾಗ ಯಾವುದೆಂದು ಹುಡುಕಿದೆ. ಗೊತ್ತಾಗಲಿಲ್ಲ.

ಗುರುಗಳು ಕತೆ ಮುಗಿಸಿದರು. ತಿಮೊಥೆಯ ತಡೆಯಲಾರದೆ ಕೇಳಿದ:

"ಅದೆಲ್ಲ ಸರಿ ಅಯ್ಯನವರೇ. ಆದರೆ ನೀರಿನ ವಿಷಯದಲ್ಲಿ ಕೊನೆಗೆ ಯಾರ ಮಾತು ನಡೆಯಬೇಕಿತ್ತು, ಕಲ್ಲಿನದೋ, ನೀರುಗಂಟಿಯದೋ?"

"ಕಲ್ಲು ಅಲ್ಲೇ ಇದೆ, ನೀರುಗಂಟಿಯ ಮಗನೂ ಇದ್ದಾನೆ, ನೀನು ಯಾವ ನೀರಿನ ವಿಷಯ ಕೇಳುತ್ತಿದ್ದೀಯಪ್ಪಾ?" ಎಂದರು ಗುರುಗಳು.