ಎರಡು ಕೆನ್ನೆ, ಒಂದು ಕೊಡೆ

ಅಂಬುಜಾಕ್ಷಿ ಟೀಚರ ಎರಡೂ ಕೆನ್ನೆಗೆ ಕಂದು ಕಲೆಯ ಬಂಗು ಬಂದಿತ್ತು. ಯಾವ ಇಂಜೆಕ್ಷನ್ ವಾಸಿ ಎಂದು ನೋಡಲು ಚರ್ಮದ ಡಾಕ್ಟರು ಎಡಗೆನ್ನೆಗೆ ಬಾಟಲಿಯ ಮದ್ದನ್ನೂ ಬಲಗೆನ್ನೆಗೆ ಅವರದೇ ರಕ್ತದಿಂದ ತೆಗೆದ ತಿಳಿಯನ್ನೂ ಚುಚ್ಚುತ್ತಿದ್ದರು. ಮೂರು ತಿಂಗಳಿಗೆ ಬಲಗೆನ್ನೆಯ ಬಂಗು ಮಾಸಿತು, ಎಡಗೆನ್ನೆಯದು ಹಾಗೇ ಉಳಿಯಿತು.

"ಗೆದ್ದದ್ದು ನಾನೇ," ಎಂದಿತು ಟ್ರೇಯಲ್ಲಿದ್ದ ರಕ್ತದ ತಿಳಿ. "ಎಷ್ಟಾದರೂ ಮನೆಯವರು ಮನೆಯವರೇ."

"ನಿನ್ನ ಕೆನ್ನೆ ನನಗೆ ಕೊಟ್ಟು ನೋಡು!" ಎಂದು ಮದ್ದು ಸಿಡುಕಿತು.

ಮೂಲೆಗೆ ಒರಗಿದ್ದ ಟೀಚರ ಹಳೇ ಕೊಡೆ ನಕ್ಕಿತು. "ಸುಮ್ಮನಿರ್ರಪ್ಪ. ಮೊದಲೆಲ್ಲ ಟೀಚರೂ ನಾನೂ ಶಾಲೆಗೆ ನಡೆದೇ ಹೋಗುತ್ತಿದ್ದೆವು. ದಾರಿಯಲ್ಲಿ ಮಗ್ಗಿ ಹೇಳುತ್ತಾ ನಾಲ್ಕು ಹುಡುಗಿಯರು ನನ್ನಡಿ ನುಸುಳುತ್ತಿದ್ದರು. ಎಷ್ಟು ಚೆನ್ನಾಗಿತ್ತು! ಎರಡೂ ಕೆನ್ನೆಗೆ ಒಂದೇ ನೆರಳು, ಬಂಗಿನ ಸುಳಿವೇ ಇರಲಿಲ್ಲ. ಈಗ ಬಸ್ಸು. ಎಡಗಡೆಯ ಹೆಂಗಸರ ಸೀಟು, ಕಿಟಕಿ ಪಕ್ಕ. ಬೆಳಿಗ್ಗೆ ಹೋಗುವಾಗಲೂ ಸಂಜೆ ಬರುವಾಗಲೂ ಬಿಸಿಲು ಎಡಗೆನ್ನೆಗೇ."

ಮದ್ದು ಕೇಳಿತು: "ಇದನ್ನು ಅವರಿಗೆ ಹೇಳಬಾರದೆ?"

"ಬಿಚ್ಚಿದರೆ ತಾನೆ ಹೇಳೋದು?" ಎಂದಿತು ಕೊಡೆ.

ಚುಚ್ಚಿದ್ದಾಯಿತು. ಟೀಚರು ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು ಉರಿಬಿಸಿಲಲ್ಲಿ ಸ್ಟಾಪಿಗೆ ಓಡಿದರು. ಬಸ್ಸು ಖಾಲಿಯಿತ್ತು. ಹೋಗಿ ಅದೇ ಕಿಟಕಿಗೆ ಕೂತರು.