ಗಾಳಿಕಂಡಿಯ ಸುಳ್ಳು ಎತ್ತರ

ಒಂದು ಕಾಡಿನಲ್ಲಿ, ಎರಡು ಕಡಿದಾದ ಬೆಟ್ಟಗಳ ನಡುವೆ, ಗಾಳಿಕಂಡಿ ಎಂಬ ಇಕ್ಕಟ್ಟಿನ ದಾರಿಯಿತ್ತು. ಹಕ್ಕಿಗಳ ಗೂಡುಗಳೆಲ್ಲ ಕಂಡಿಯ ಈಚೆಗೆ. ಹಣ್ಣು, ಹುಳು ಎಲ್ಲ ಆಚೆಯ ಬಯಲಿನಲ್ಲಿ. ಹಾಗಾಗಿ ದಿನವೂ ನೂರಾರು ಹಕ್ಕಿಗಳು ಆ ಕಂಡಿಯಲ್ಲೇ ಹೋಗಿ ಬರಬೇಕಿತ್ತು. ಮಂಜು ಕವಿದರೆ ಕೊಕ್ಕಿನ ಮುಂದೆ ಏನಿದೆ ಎಂಬುದೂ ಕಾಣುತ್ತಿರಲಿಲ್ಲ.

ಕಂಡಿಯ ಬಾಯಲ್ಲಿದ್ದ ಒಣಮರದ ತುದಿಯಲ್ಲಿ ಚೌಡಕ್ಕ ಎಂಬ ಮುದಿ ಮಂಗಟ್ಟೆ ಹಕ್ಕಿ ಕಾವಲು ಕೂರುತ್ತಿದ್ದಳು. ಹೋಗುವವರು ಮೂರು ಮರದೆತ್ತರದಲ್ಲಿ, ಬರುವವರು ಎರಡು ಮರದೆತ್ತರದಲ್ಲಿ ಹಾರಬೇಕು ಎಂಬುದು ಅವಳ ಕಟ್ಟಳೆ. ಮೇಲೇರಿದಂತೆ ಹಕ್ಕಿಗಳ ಕಿವಿ ಬಿಗಿಯುತ್ತಿತ್ತು. ಆ ಬಿಗಿತದಿಂದಲೇ ಅವು ತಮ್ಮ ಎತ್ತರ ಅರಿತು ಕೂಗಿ ಹೇಳುತ್ತಿದ್ದವು. ಚೌಡಕ್ಕ ಅದನ್ನು ಕೇಳಿಕೊಂಡು ಎದುರಿನಿಂದ ಬರುವವರಿಗೆ ದಾರಿ ಹೇಳುತ್ತಿದ್ದಳು. ಕಂಡಿಯೊಳಗೆ ಕೂಗಿದರೆ ದನಿ ಬಂಡೆಗಳಿಗೆ ಬಡಿದು ಎಲ್ಲ ಕಡೆಯಿಂದಲೂ ಕೇಳುತ್ತಿತ್ತು. ಮಂಜಿನ ದಿನಗಳಲ್ಲಿ ಅವರು ಹೇಳಿದ ಮಾತೇ ಅವಳಿಗೆ ಕಣ್ಣು.

ಕಿವಿ ಕೆಟ್ಟವರು "ನನ್ನ ಎತ್ತರ ತಿಳಿಯದು" ಎಂದು ಕೂಗಬೇಕಿತ್ತು. ಆಗ ಚೌಡಕ್ಕ ಉಳಿದವರನ್ನೆಲ್ಲ ತಡೆದು ಅವರೊಬ್ಬರನ್ನೇ ದಾಟಿಸುತ್ತಿದ್ದಳು. ಆದರೆ ಅವರ ಸರದಿ ಎಲ್ಲರಿಗಿಂತ ಕೊನೆಗೆ.

ಮಿಣಕ ಎಂಬ ಕಾಜಾಣ ಮಾತಿನಲ್ಲಿ ಬಲು ಜಾಣ. ಯಾರ ದನಿಯನ್ನಾದರೂ ಇದ್ದ ಹಾಗೇ ಕೂಗಿ ತೋರಿಸುತ್ತಿದ್ದ. ಒಮ್ಮೆ ಆಲಿಕಲ್ಲಿನ ಮಳೆಯಲ್ಲಿ ಅವನ ಕಿವಿಗೆ ಪೆಟ್ಟು ಬಿತ್ತು. ಅಂದಿನಿಂದ ಎಷ್ಟು ಏರಿದರೂ ಇಳಿದರೂ ಕಿವಿಯ ಬಿಗಿತ ಒಂದೇ ಸಮ. 'ಇದನ್ನು ಹೇಳಿದರೆ ಕೊನೆಯ ಸರದಿ. ಅಷ್ಟರಲ್ಲಿ ಬಯಲಿನ ಹುಳುಗಳೆಲ್ಲ ಬೇರೆಯವರ ಹೊಟ್ಟೆಯಲ್ಲಿರುತ್ತವೆ' ಎಂದುಕೊಂಡ. ಮುಂದೆ ಹೋದ ಹಕ್ಕಿ ಏನು ಕೂಗಿತೋ ಅದನ್ನೇ ತಾನೂ ಕೂಗತೊಡಗಿದ.

ಒಂದು ದಿನ ಬಿಸಿಲು ಚೆನ್ನಾಗಿತ್ತು. ಮಿಣಕ "ಮೂರು ಮರ!" ಎಂದು ಕೂಗುತ್ತಾ ಹೊರಟ. ಚೌಡಕ್ಕ ನೋಡಿದಳು. ಅವನು ಹಾರುತ್ತಿದ್ದದ್ದು ಎರಡೇ ಮರದೆತ್ತರದಲ್ಲಿ. ಸಂಜೆ ಅವನನ್ನು ಕರೆದಳು.

"ಏನೋ ಮಿಣಕ, ಹೇಳಿದ್ದು ಮೂರು, ಹಾರಿದ್ದು ಎರಡು. ಕಿವಿ ಸರಿಯಿದೆಯೇನೋ?"

"ಅಯ್ಯೋ ಚೌಡಕ್ಕ, ಗಾಳಿ ಕೆಳಗೆ ತಳ್ಳಿತು. ನನ್ನ ಕಿವಿಗೇನಾಗಿದೆ?"

"ನಮ್ಮ ವೈದ್ಯ ಮರಕುಟಿಗನ ಹತ್ತಿರ ಒಮ್ಮೆ ತೋರಿಸಿಕೊಂಡು ಬಾ. ಅವನು ಸರಿ ಅನ್ನುವ ತನಕ ಕಂಡಿಗೆ ಇಳಿಯಬೇಡ."

ಮಾರನೆಯ ದಿನ ಪೊದೆಯ ಹಿಂದಿನಿಂದ ಮರಕುಟಿಗನ ಒರಟು ದನಿ ಕೇಳಿಸಿತು. "ಚೌಡಕ್ಕಾ, ಕಾಜಾಣದ ಕಿವಿ ನೋಡಿದೆ. ನೆಟ್ಟಗಿದೆ. ಬಿಟ್ಟುಬಿಡಿ."

ಚೌಡಕ್ಕನ ಮನಸ್ಸಿನಲ್ಲಿ ಏನೋ ಚುಚ್ಚಿತು. ಇಳಿದು ಹೋಗಿ ನೋಡಬೇಕು ಎನಿಸಿತು. ಆದರೆ ಅಷ್ಟರಲ್ಲಿ ಗಿಳಿಗಳ ದೊಡ್ಡ ಹಿಂಡು ಬಂದು ದಾರಿ ಕೇಳಿತು. ಅವಳು ಇಳಿಯಲಿಲ್ಲ. "ಆಯಿತಪ್ಪ" ಎಂದಳು. ಪೊದೆಯ ಹಿಂದೆ ಇದ್ದವನು ಮಿಣಕನೇ.

ನಾಲ್ಕು ದಿನಗಳ ನಂತರ ಕಂಡಿಯ ತುಂಬ ಮಂಜು ಇಳಿಯಿತು. ಬೆಳಿಗ್ಗೆ ಮಿಣಕ ಹೊರಟ. "ಮೂರು ಮರ!" ಎಂದು ಕೂಗಿದ. ಅದೇ ಹೊತ್ತಿಗೆ ಕಂಡಿಯ ಆ ಕಡೆಯಿಂದ ಸಾತವ್ವನ ದನಿ ಬಂತು. ಸಾತವ್ವ ಎಂಬ ಗೊರವಂಕ ಹಕ್ಕಿಗೆ ಗೂಡಿನಲ್ಲಿ ಎರಡು ಎಳೆಮರಿಗಳಿದ್ದವು.

"ಚೌಡಕ್ಕಾ, ಎರಡು ಮರದೆತ್ತರದಲ್ಲಿದ್ದೀನಿ. ಮರಿಗಳು ಹಸಿದಿವೆ. ಬರಲಾ?"

"ಬಾ ತಾಯಿ. ಎದುರಿಗೆ ಒಬ್ಬನೇ ಇದ್ದಾನೆ, ನಿನಗಿಂತ ಒಂದು ಮರ ಮೇಲಿದ್ದಾನೆ. ನಿನ್ನ ದಾರಿ ಖಾಲಿ."

ಸಾತವ್ವ ನಂಬಿ ಬಂದಳು.

ಮಂಜಿನೊಳಗೆ ಒಂದು ಮೊಂಡು ಸದ್ದಾಯಿತು. ಆಮೇಲೆ ಕೆಳಗಿನ ಬಂಡೆಯ ಮೇಲೆ ಏನೋ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ.

"ಸಾತವ್ವಾ!" ಎಂದು ಚೌಡಕ್ಕ ಕೂಗಿದಳು. ಬಂಡೆಗಳು ಅವಳ ದನಿಯನ್ನೇ ಮರಳಿಸಿದವು. "ಯಾರೂ ಕಂಡಿಗೆ ಇಳಿಯಬೇಡಿ!" ಎಂದು ಎಲ್ಲರನ್ನೂ ತಡೆದು, ತಾನೇ ಬಂಡೆಗೆ ತಾಗುತ್ತ ತಡವರಿಸುತ್ತ ಕೆಳಗಿಳಿದಳು.

ಸಾತವ್ವನ ಕತ್ತು ಮುರಿದಿತ್ತು. ಕೊಕ್ಕಿನಲ್ಲಿ ಹಸಿರು ಹುಳು ಇನ್ನೂ ಮಿಸುಕುತ್ತಿತ್ತು. ಎರಡು ಮಾರು ಆಚೆ ಮಿಣಕ ಮುರಿದ ರೆಕ್ಕೆಯ ಮೇಲೆ ಹೊರಳಾಡುತ್ತಿದ್ದ.

"ಗಾಳಿ ತಳ್ಳಿತು ಚೌಡಕ್ಕ," ಎಂದ.

"ಎಲೆಯೂ ಅಲುಗುತ್ತಿಲ್ಲವಲ್ಲೋ," ಎಂದಳು ಚೌಡಕ್ಕ.

ಅಷ್ಟರಲ್ಲಿ ಮರಕುಟಿಗ ಬಂದ. ಮಿಣಕನ ತಲೆ ಹೊರಳಿಸಿ ನೋಡಿದ. "ಈ ಕಿವಿ ಹಾಳಾಗಿ ತಿಂಗಳಾಗಿದೆ. ಒಳಗೆಲ್ಲ ಕೀವು ಕಟ್ಟಿದೆ. ನನಗೆ ಯಾಕೆ ತೋರಿಸಲಿಲ್ಲ?"

ಚೌಡಕ್ಕ ತಿರುಗಿದಳು. "ನೀನೇ ಅಲ್ಲವೇ ನೆಟ್ಟಗಿದೆ ಎಂದದ್ದು?"

"ನಾನೇ? ನಾನು ಇವನ ಕಿವಿ ನೋಡುತ್ತಿರುವುದು ಇದೇ ಮೊದಲು."

ಮಿಣಕ ಕಣ್ಣು ಮುಚ್ಚಿಕೊಂಡ. ಆ ದಿನ ಅವನ ಬಾಯಿಂದ ಬೇರೆ ಯಾರ ದನಿಯೂ ಹೊರಡಲಿಲ್ಲ. ಅವನ ರೆಕ್ಕೆ ಮತ್ತೆ ಕೂಡಿಕೊಳ್ಳಲೇ ಇಲ್ಲ. ನೆಲದಲ್ಲಿ ಕುಪ್ಪಳಿಸಿಕೊಂಡು ಕೆಲವು ದಿನ ಇದ್ದ. ಚಳಿಗಾಲ ಮುಗಿಯುವ ಮೊದಲೇ ಒಂದು ಕಾಡುಬೆಕ್ಕಿನ ಬಾಯಿಗೆ ಬಿದ್ದ.

ಆದರೆ ಸಾತವ್ವ ಬಿದ್ದ ಆ ದಿನ ಚೌಡಕ್ಕನಿಗೆ ಇನ್ನೂ ಒಂದು ಕೆಲಸವಿತ್ತು. ಅವಳು ಸಾತವ್ವನ ಗೂಡಿಗೆ ಹೋದಳು. ಮರಿಗಳು ರೆಕ್ಕೆಯ ಸದ್ದು ಕೇಳಿ ಬಾಯಿ ತೆರೆದವು. ಸಾತವ್ವನ ಗಂಡ ಕೊಂಬೆಯ ಮೇಲೆ ಕುಳಿತಿದ್ದ. ಸುದ್ದಿ ಅವನಿಗೆ ಮೊದಲೇ ಮುಟ್ಟಿತ್ತು.

"ದಾರಿ ಖಾಲಿ ಎಂದು ಹೇಳಿದವಳು ನಾನೇ ಅಪ್ಪ," ಎಂದಳು ಚೌಡಕ್ಕ. "ಅವನ ಮೇಲೆ ನನಗೆ ಅನುಮಾನ ಬಂದಿತ್ತು. ಇಳಿದು ಹೋಗಿ ನೋಡಲಿಲ್ಲ."

ಅವನು ಬಾಯಿ ತೆರೆದ ಮರಿಗಳತ್ತ ನೋಡಿದ. ಆಮೇಲೆ ಒಂದೇ ಒಂದು ಮಾತು ಕೇಳಿದ.

"ಅವಳು ನೀವು ಹೇಳಿದ ಎತ್ತರದಲ್ಲೇ ಹಾರುತ್ತಿದ್ದಳಾ, ಚೌಡಕ್ಕ?"

"ಹೌದಪ್ಪ. ಒಂದು ಗೇಣೂ ಆಚೀಚೆ ಆಗಿರಲಿಲ್ಲ."

ನೀತಿ: ತಿಳಿಯದು ಎಂದವನಿಗೆ ಎಲ್ಲರೂ ದಾರಿ ಬಿಡುತ್ತಾರೆ, ತಿಳಿದಿದೆ ಎಂದು ಸುಳ್ಳು ಹೇಳಿದವನು ತನ್ನನ್ನು ನಂಬಿ ಬಂದವರನ್ನೇ ಕೊಲ್ಲುತ್ತಾನೆ.