ಹಿಂದಲೆಯ ಕೂದಲು

“ಬುದ್ಧೀ, ಕೊಟ್ರಯ್ಯ ಮಠಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ. ಅವನು ಪ್ರವಚನಕ್ಕೆ ಕೂತರೆ ಊರಿಗೆ ಊರೇ ಬಂದು ಕೇಳುತ್ತದೆ. ನಾನು ಬಂದು ಏಳು ವರ್ಷವಾಯಿತು. ನನ್ನ ಮುಂದೆ ಹಾಗೆ ಜನ ಕೂರಬೇಕಾದರೆ ನಾನೇನು ಮಾಡಬೇಕು? ಬೇಗ ಆಗುವಂಥದ್ದು ಹೇಳಿ.”

ಹೀಗೆ ಕೇಳಿದವನು ಅಡಿವೆಪ್ಪ. ಮಠದ ಬೆಳಗಿನ ಪೂಜೆಗೆ ತಂಬೂರಿ ಮೀಟಿ ಹಾಡುತ್ತಿದ್ದ ಶಿಷ್ಯ; ಆ ದನಿಯಿಂದಲೇ ಊರವರು ಅವನನ್ನು ಗುರುತಿಸುತ್ತಿದ್ದರು. ಅವನ ಬೆನ್ನ ಹಿಂದೆ, ಗೋಡೆಯ ಗೂಟದಲ್ಲಿ, ಅವನ ತಂಬೂರಿ ಗವಸು ಹಾಕಿಕೊಂಡು ನೇತಾಡುತ್ತಿತ್ತು.

ಗುರುಗಳು ನಕ್ಕರು. “ಬೇಗ ಆಗುವಂಥದ್ದೇ ಬೇಕೋ? ಕೂತುಕೋ ಹಾಗಾದರೆ. ಒಬ್ಬ ಬೋಳುತಲೆಯವನ ಕತೆ ಹೇಳುತ್ತೇನೆ. ನಗುವುದಿದ್ದರೆ ಪೂರ್ತಿ ಕೇಳಿ ನಗು.”

ಒಬ್ಬ ಬಟ್ಟೆ ವ್ಯಾಪಾರಿ, ಒಬ್ಬ ಬೆಲ್ಲದ ವ್ಯಾಪಾರಿ. ಅಕ್ಕತಂಗಿಯರನ್ನು ಮದುವೆಯಾದ ಷಡ್ಡಕರು. ಬಟ್ಟೆಯವನು ದೊಡ್ಡಳಿಯ, ಬೆಲ್ಲದವನು ಚಿಕ್ಕಳಿಯ. ಇಬ್ಬರಿಗೂ ಹಣೆಯಿಂದ ನಡುನೆತ್ತಿಯವರೆಗೆ ಬೋಳು. ಪ್ರತಿ ದೀಪಾವಳಿಗೆ ಮಾವನ ಮನೆಯಲ್ಲಿ ಇಬ್ಬರನ್ನೂ ಅಕ್ಕಪಕ್ಕದ ಮಣೆಯ ಮೇಲೆ ಕೂರಿಸಿ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಹಚ್ಚುವವಳು ಆ ಮನೆಯ ಹಿರಿಯಜ್ಜಿ. ಅವಳಿಗೆ ಕಣ್ಣು ಪೂರಾ ಮಂಜು. ತಲೆ ಸವರಿಯೇ ಗುರುತು ಹಿಡಿಯುತ್ತಿದ್ದಳು. ಹಿಂದಲೆಗೆ ಕೈ ಹೋದೊಡನೆ, “ಇಷ್ಟು ದಟ್ಟ ಕೂದಲು ಇನ್ಯಾರಿಗಿದೆ? ಇವನು ನಮ್ಮ ದೊಡ್ಡಳಿಯ” ಎನ್ನುತ್ತಿದ್ದಳು. ದೊಡ್ಡಳಿಯನಿಗೆ ಆ ಮಾತು ಕಿವಿಗೇ ಬೀಳುತ್ತಿರಲಿಲ್ಲ. ಬೋಳಿನ ಚಿಂತೆಯೂ ಇರಲಿಲ್ಲ, ಪಕ್ಕದ ಮಣೆಯವನೂ ಬೋಳನೇ ತಾನೆ!

ಒಂದು ಯುಗಾದಿಗೆ ಚಿಕ್ಕಳಿಯ ಪಟ್ಟಣಕ್ಕೆ ಹೋಗಿ ತಲೆಗೆ ಕೂದಲು ನೆಡಿಸಿಕೊಂಡು ಬಂದ. ಸುದ್ದಿ ಕೇಳಿ ದೊಡ್ಡಳಿಯನ ಹೊಟ್ಟೆಗೆ ಬೆಂಕಿ ಬಿತ್ತು. ಇಪ್ಪತ್ತನೇ ದಿನಕ್ಕೆ ಇನ್ನೊಂದು ಸುದ್ದಿ ಬಂತು. ನೆಟ್ಟ ಕೂದಲೆಲ್ಲ ಉದುರುತ್ತಿದೆಯಂತೆ. ಅಂಗಡಿ ಬಾಗಿಲು ಹಾಕಿ ಓಡಿದ ನೋಡು, ಕಣ್ಣಾರೆ ನೋಡಬೇಕಲ್ಲ! ಬಾಯಲ್ಲಿ “ಅಯ್ಯೋ ಪಾಪ, ಹೀಗಾಗಬಾರದಿತ್ತು” ಅಂದ. ಒಳಗೆ ಹಾಲು ಕುಡಿದಷ್ಟು ಸಂತೋಷ.

ಚಿಕ್ಕಳಿಯ ಹೇಳಿದ, “ಉದುರಲಿ ಬಿಡಿ ಅಣ್ಣ. ಉದುರೋದು ಕೂದಲು, ಬೇರು ಒಳಗೇ ಇರುತ್ತಂತೆ. ಮೂರು ತಿಂಗಳಿಗೆ ತಾನೇ ಬರುತ್ತೆ ಅಂದಿದ್ದಾರೆ ಡಾಕ್ಟರು.”

ದೊಡ್ಡಳಿಯ ಅದನ್ನು ನಂಬದೆ, ಮನೆಗೆ ಬಂದು ಹೆಂಡತಿಯ ಕೈಲಿ ಹೋಳಿಗೆ ಮಾಡಿಸಿ ಉಂಡ. ಯಾವ ಹಬ್ಬ ಎಂದು ಅವಳು ಕೇಳಿದರೆ ಹೇಳಲಿಲ್ಲ.

ಆಷಾಢದಲ್ಲಿ ಚಿಕ್ಕಳಿಯನ ತಲೆಯ ಮೇಲೆ ಕಪ್ಪು ಚಿಗುರು ಕಂಡಿತು. ದೊಡ್ಡಳಿಯನಿಗೆ ಉಂಡ ಹೋಳಿಗೆಯೆಲ್ಲ ಈಗ ಕಹಿಯಾಯಿತು. ಗಿರಾಕಿಗೆ ಸೀರೆ ಬಿಚ್ಚಿ ತೋರಿಸುವಾಗಲೂ ಅವನ ಕಣ್ಣ ಮುಂದೆ ಆ ತಲೆಯೇ. ಬರುವ ದೀಪಾವಳಿಗೆ ಆ ತಲೆಯ ಪಕ್ಕದಲ್ಲಿ ತಾನು ಬೋಳು ತಲೆ ಇಟ್ಟುಕೊಂಡು ಕೂರಬೇಕೆ? ನಾದಿನಿಯರೆಲ್ಲ ಸುತ್ತ ನಿಂತಿರುತ್ತಾರೆ. ಸತ್ತರೂ ಆಗದು ಎಂದುಕೊಂಡ. ಹಬ್ಬಕ್ಕೆ ಸರಿಯಾಗಿ ನೂರು ದಿನವಿತ್ತು. ಅದೇ ಡಾಕ್ಟರ ಬಳಿಗೆ ಹೋದ.

“ನನ್ನ ಷಡ್ಡಕನಿಗೆ ಎಷ್ಟು ನೆಟ್ಟಿರಿ? ಅದಕ್ಕಿಂತ ಸಾವಿರ ಹೆಚ್ಚು ನೆಡಿ ನನಗೆ.”

ಡಾಕ್ಟರು ಹೇಳಿದರು, “ನೆಡುವುದು ಹೊರಗಿನದಲ್ಲ. ನಿಮ್ಮ ಹಿಂದಲೆಯದನ್ನೇ ಬೇರುಸಹಿತ ತೆಗೆದು ಮುಂದೆ ಹಾಕುತ್ತೇವೆ. ಅಷ್ಟು ತೆಗೆದರೆ ಹಿಂದೆ ತೆಳುವಾದೀತು.”

“ಆಗಲಿ. ಹಿಂದಿನದು ಯಾರು ನೋಡುತ್ತಾರೆ?”

ಹಟ ಹಿಡಿದು ನೆಡಿಸಿಕೊಂಡ. ಕಳಿಸುವಾಗ ಡಾಕ್ಟರು ಎಚ್ಚರಿಸಿದರು, ಮೂರನೇ ವಾರ ಇವು ಉದುರುತ್ತವೆ, ಉದುರಿ ಮೂರು ತಿಂಗಳಿಗೆ ಚಿಗುರುತ್ತವೆ, ಅಲ್ಲಿಯವರೆಗೆ ಕೈ ಹಚ್ಚಬೇಡಿ ಎಂದು.

ಮನೆಗೆ ಬಂದವನು ಬೆರಳು ಮಡಚಿ ಲೆಕ್ಕ ಹಾಕಿದ. ಉದುರುವುದಕ್ಕೆ ಇಪ್ಪತ್ತು ದಿನ, ಚಿಗುರುವುದಕ್ಕೆ ತೊಂಬತ್ತು. ಒಟ್ಟು ನೂರಹತ್ತು. ಅಷ್ಟರಲ್ಲಿ ಹಬ್ಬ ಕಳೆದು ಹತ್ತು ದಿನವಾಗಿರುತ್ತದೆ. ಇನ್ನೊಮ್ಮೆ ಎಣಿಸಿದ, ಲೆಕ್ಕ ಅಷ್ಟೇ. ಆಮೇಲೆ ಹೊಳೆಯಿತು. ಷಡ್ಡಕನದು ಉದುರಿದ್ದರಿಂದಲೇ ಅಲ್ಲವೆ ಚಿಗುರಿದ್ದು? ಹಾಗಾದರೆ ಬೇಗ ಉದುರಿದರೆ ಬೇಗ ಚಿಗುರಬೇಕು. ಅವನದು ಇಪ್ಪತ್ತನೇ ದಿನಕ್ಕೆ ಉದುರಿತು, ನನ್ನದು ಐದನೇ ದಿನಕ್ಕೇ ಉದುರಲಿ.

ಉದುರಲಿಲ್ಲ. ಐದನೇ ದಿನ ಕನ್ನಡಿ ಮುಂದೆ ಕೂತು ಒಂದೊಂದೇ ಕಿತ್ತ. ಅಷ್ಟು ಹಸಿ ಗಾಯ, ಬೇರು ಇನ್ನೂ ಹಿಡಿದಿರಲಿಲ್ಲ. ಎಳೆದರೆ ಸಾಕು, ಬೇರೂ ಜೊತೆಗೇ ಬಂತು. ರಕ್ತ ಜಿನುಗಿತು. ಹಲ್ಲು ಕಚ್ಚಿ ಪೂರ್ತಿ ಕಿತ್ತು ಮುಗಿಸಿ, “ಈಗ ನೋಡೋಣ, ಯಾರು ಮುಂದೆ” ಎಂದ.

ತೊಂಬತ್ತೈದನೇ ದಿನವೂ ಬಂತು, ನೂರನೇ ದಿನವೂ ಬಂತು. ತಲೆ ಅಂಗೈಯ ಹಾಗೇ ಇತ್ತು. ಹೋಗದಿದ್ದರೆ ಮಾವನಿಗೆ ಬೇಸರ, ಹಾಗಾಗಿ ರುಮಾಲು ಸುತ್ತಿಕೊಂಡು ಹಬ್ಬಕ್ಕೆ ಹೋದ. ಎಣ್ಣೆಗೆ ಕೂರಿಸುವಾಗ ರುಮಾಲು ತೆಗೆಯಲೇಬೇಕಾಯಿತು.

ಅಜ್ಜಿ ಮೊದಲು ಚಿಕ್ಕಳಿಯನ ತಲೆ ಸವರಿ ಖುಷಿಪಟ್ಟಳು. ಆಮೇಲೆ ಪಕ್ಕದ ಮಣೆಗೆ ತಿರುಗಿದಳು. ನೆತ್ತಿಗೆ ಎಣ್ಣೆ ಇಟ್ಟು ಹಿಂದಲೆಗೆ ಕೈ ಇಳಿಸಿದಳು. ಕೈ ಅಲ್ಲೇ ನಿಂತಿತು. ಇನ್ನೊಮ್ಮೆ ಸವರಿದಳು.

“ಇದ್ಯಾರನ್ನ ತಂದು ಕೂರಿಸಿದ್ದೀರೇ? ಇವನು ನಮ್ಮ ದೊಡ್ಡಳಿಯ ಅಲ್ಲ. ಅವನಿಗೆ ಹಿಂದಲೆ ತುಂಬ ಕೂದಲಿತ್ತು.”

ನಾದಿನಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಳಿಯ ತಲೆ ತಗ್ಗಿಸಿದ. ಎಣ್ಣೆ ಮಾತ್ರ ಹಣೆಯ ಮೇಲೆ ಇಳಿಯುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪ ಜೋರಾಗಿ ನಕ್ಕುಬಿಟ್ಟ. “ಎಂಥ ಮಂಕ, ಬುದ್ಧೀ! ಆಮೇಲೆ ಮತ್ತೆ ನೆಡಿಸಿಕೊಂಡನೇ?”

“ನೆಡಬೇಕಾದರೆ ಹಿಂದೆ ಉಳಿದಿರಬೇಕಲ್ಲಪ್ಪ,” ಎಂದು ಗುರುಗಳು ಗೂಟದ ಕಡೆ ನೋಡಿದರು. “ಅದಿರಲಿ ಅಡಿವೆಪ್ಪಾ, ಆ ತಂಬೂರಿಯ ಗವಸು ಬಿಚ್ಚಿ ಎಷ್ಟು ದಿನವಾಯಿತು?”

ಅಡಿವೆಪ್ಪನ ನಗು ನಿಂತಿತು. ಅವನು ಹಿಂದೆ ತಿರುಗಿ ಗೂಟದ ಕಡೆ ನೋಡಿದ.